ತಾನ್‌ಪಲ್ಟಿ

ಫೋನಿನಲ್ಲಿ ತಮ್ಮ ‘ಅಕ್ಕಾ’ ಎಂದು ಎಳೆದ ರೀತಿಯಲ್ಲೇ ಅವಳಿಗೆ ಮುಂದಿನದೆಲ್ಲ ತಿಳಿದುಹೋಯಿತು. ಹಲ್ಲುಜ್ಜುವ ಬ್ರಷ್ಷು ಇನ್ನೂ ಬಾಯಲ್ಲೇ ಇತ್ತು. ಬಾಯ್ತುಂಬ ನೊರೆ ಇಟ್ಟುಕೊಂಡು ‘ಹೂಂ’ ಎನ್ನುವುದಷ್ಟೇ ಸಾಧ್ಯವಿತ್ತು. ಅವನಾದರೋ ಅವಳ ‘ಹೂಂ’ಗಳನ್ನೆಲ್ಲ ಚಿಕ್ಕಂದಿನಿಂದಲೂ ಒಪ್ಪಿಗೆ ಎಂದೇ ಲೆಕ್ಕಕ್ಕೆ ಹಿಡಿದವನು.

“ಈ ಸಲ ಮಾತ್ರ ಅಕ್ಕಾ, ಅಪ್ಪ ನಿನ್ನ ಹತ್ರನೇ ಇರ್ಲಿ. ಮಗಳಿಗೆ ಪರೀಕ್ಷೆ ಹತ್ರ ಬಂತು, ಆ ರೂಮು ಅವಳಿಗೆ ಬಿಟ್ಕೊಟ್ಟಿದೀವಿ. ಅಪ್ಪನ್ನ ಹಾಲಲ್ಲಿ ಮಲಗಿಸೋಕೆ ನನಗೆ ಮನಸ್ಸು ಬರಲ್ಲ. ನಿನಗಾದ್ರೆ ಏನು, ನೀನೊಬ್ಳೇ ಅಲ್ವಾ.”

ಅವಳು ನೊರೆ ಉಗುಳಿದಳು. “ಅಪ್ಪನಿಗೆ ಹೇಳಿದ್ಯಾ?”

“ನೀನೇ ಹೇಳಿಬಿಡೇ. ನಾನು ಹೇಳಿದ್ರೆ ಬೇಜಾರು ಮಾಡ್ಕೋತಾನೆ. ನೀನು ಹೇಳಿದ್ರೆ ಸರಿಹೋಗುತ್ತೆ.”

ಅವನು ಫೋನಿಟ್ಟ ಮೇಲೂ ‘ನೀನೊಬ್ಳೇ’ ಎಂಬ ಮಾತು ಬಚ್ಚಲಲ್ಲೇ ಉಳಿಯಿತು. ಒಬ್ಬಳೇ ಇರುವುದು ಎಂದರೆ ಖಾಲಿ ಇರುವುದು ಎಂದು ಇವರೆಲ್ಲ ಯಾವಾಗ ತೀರ್ಮಾನ ಮಾಡಿದರು? ನಿನ್ನೆ ಸಂಜೆ ಅಪ್ಪನ ಅಂಗಿಗಳನ್ನು ಮಡಿಸಿ ಚೀಲಕ್ಕೆ ತುಂಬುವಾಗ ಅವಳು ಯಾವುದೋ ಹಳೆಯ ಹಾಡನ್ನು ಗುನುಗುತ್ತಿದ್ದಳು. ಗುನುಗುತ್ತಿದ್ದೇನೆ ಎಂದು ತಿಳಿದ ಕೂಡಲೇ ನಿಲ್ಲಿಸಿದ್ದಳು, ಆದರೆ ನಿಲ್ಲಿಸಿದ ಹಾಡು ಒಳಗೆ ನಡೆದೇ ಇತ್ತು. ನಾಳೆಯಿಂದ ರೇಡಿಯೋ ಅಷ್ಟು ಜೋರಾಗಿ ಕೂಗುವುದಿಲ್ಲ, ಬಚ್ಚಲಿನಲ್ಲಿ ಆ ಪ್ಲಾಸ್ಟಿಕ್ ಕುರ್ಚಿ ಇರುವುದಿಲ್ಲ, ಸೋಫಾದ ಮೇಲೆ ಅಡ್ಡಡ್ಡ ಬಿದ್ದುಕೊಳ್ಳಬಹುದು ಎಂದುಕೊಂಡಿದ್ದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಅವಳಿಗೆ ಹಾಸಿಗೆ ಸಾಕಷ್ಟು ದೊಡ್ಡದೇ ಇತ್ತು, ಕಾಲು ಚಾಚಲು ಮಾತ್ರ ಮನೆಯಲ್ಲಿ ಬೇರೆ ಯಾರೂ ಇರಬಾರದಾಗಿತ್ತು. ಅಪ್ಪನಿಂದ ತೊಂದರೆ ಏನೂ ಇರಲಿಲ್ಲ. ಕೊಟ್ಟದ್ದು ತಿನ್ನುತ್ತಿದ್ದ, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ. ಆದರೂ ಸುಮ್ಮನೆ ಕೂತ ಮುದುಕ ಮನೆಯಿಂದ ಏನನ್ನೋ ಎಳೆದುಕೊಳ್ಳುತ್ತಲೇ ಇರುತ್ತಾನೆ. ಉದ್ದನೆಯ ಲೈನಿನ ಆ ತುದಿಯಲ್ಲಿ ಒಂದು ಬಲ್ಬೂ ಉರಿಯದಿದ್ದರೂ, ಲೈನು ತನ್ನನ್ನು ತಾನು ತುಂಬಿಟ್ಟುಕೊಳ್ಳುವುದಕ್ಕೇ ಈ ತುದಿಯಿಂದ ಒಂದಿಷ್ಟು ಕರೆಂಟು ಎಳೆಯುವುದಿಲ್ಲವೇ, ಹಾಗೆ. ಇದನ್ನು ಅವಳಿಗೆ ಕಲಿಸಿದವನೂ ಅಪ್ಪನೇ. ಹೀಗೆಲ್ಲ ಯೋಚಿಸಿದ್ದಕ್ಕೆ ನಾಚಿಕೆಯಾಗಿ ಅವಳು ಮುಖಕ್ಕೆ ಎರಡೆರಡು ಸಲ ನೀರು ಹಾಕಿಕೊಂಡಳು.

ಹಾಲಿಗೆ ಬಂದರೆ ಅಪ್ಪ ಬೂಟು ಹಾಕಿಕೊಂಡು ಕೂತಿದ್ದ. ತಮ್ಮ ಬರಬೇಕಾಗಿದ್ದದ್ದು ಸಂಜೆ. ಅಪ್ಪ ಬೆಳಗ್ಗೆಯೇ ಕಪ್ಪು ಬೂಟಿನ ಲೇಸನ್ನು ಎರಡೆರಡು ಗಂಟು ಹಾಕಿ ಬಿಗಿದು, ಚೀಲವನ್ನು ಮೊಣಕಾಲಿಗೆ ತಾಗಿಸಿಟ್ಟುಕೊಂಡು, ಕುರ್ಚಿಯ ತುದಿಯಲ್ಲಿ ಕೂತು ಬೀದಿ ನೋಡುತ್ತಿದ್ದ.

“ಸಂಜೆ ತಾನೆ ಅಪ್ಪಾ. ಬೂಟು ಈಗ್ಲೇ ಯಾಕೆ?”

“ಲೇಸು ಕಟ್ಟೋಕೆ ಈಗ ನನಗೆ ಹೊತ್ತು ಹಿಡಿಯುತ್ತೆ ಕಣೇ. ಅವನು ಬಂದು ಕಾಯೋ ಹಾಗಾಗಬಾರದು.”

ಆಗಲೇ ಹೇಳಿಬಿಡಬಹುದಾಗಿತ್ತು. ಬಾಯಿ ತೆರೆದೂ ಇದ್ದಳು. ಅಪ್ಪ ಬಗ್ಗಿ ಬೂಟಿನ ಮೂತಿಯನ್ನು ಅಂಗೈಯಿಂದ ಒರೆಸಿದ. ಅವಳು “ಡಬ್ಬಿ ಮೇಜಿನ ಮೇಲಿದೆ, ಮರೀದೆ ಊಟ ಮಾಡು” ಎಂದು ಬಾಗಿಲು ಎಳೆದುಕೊಂಡು ಮೆಟ್ಟಿಲಿಳಿದಳು. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗೆ, ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಅಮ್ಮ ಹೋದ ಮೇಲೆ ಈ ಪಾಳಿಯ ಏರ್ಪಾಟು ಮಾಡಿದವನು ಅಪ್ಪನೇ. ಮೂವರು ಮಕ್ಕಳನ್ನೂ ಎದುರಿಗೆ ಕೂರಿಸಿಕೊಂಡು, ಕಚೇರಿಯಲ್ಲಿ ಹೊಸ ಲೈನಿನ ದಾರಿ ವಿವರಿಸುವ ದನಿಯಲ್ಲಿ ಹೇಳಿದ್ದ. ಒಬ್ಬೊಬ್ಬರ ಮನೆಯಲ್ಲಿ ನಾಲ್ಕು ತಿಂಗಳು. ಮೊದಲು ದೊಡ್ಡವನ ಮನೆ, ಆಮೇಲೆ ಮಗಳದು, ಆಮೇಲೆ ಚಿಕ್ಕವನದು. “ಸ್ಥಾನಪಲ್ಲಟ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆ ಇಲ್ಲ.” ಅಣ್ಣ ತಲೆದೂಗಿದ್ದ. ಅಣ್ಣ ಯಾವುದಕ್ಕೂ ತಲೆದೂಗುವವನು, ತಾರೀಖು ಮುಗಿದ ದಿನ ಅಪ್ಪನನ್ನು ಕರೆತಂದು ಚಾರ್ಜು ವಹಿಸಿಕೊಟ್ಟ ಹಾಗೆ ಬಿಟ್ಟು ಟೀ ಕೂಡ ಕುಡಿಯದೆ ಹೋಗುವವನು. ಆದರೆ ಅಪ್ಪ ‘ಸ್ಥಾನಪಲ್ಲಟ’ ಎಂದಾಗ ಅವಳೂ ತಮ್ಮನೂ ಒಬ್ಬರ ಮುಖ ಒಬ್ಬರು ನೋಡಿ, ಅಮ್ಮ ಹೋಗಿ ಇನ್ನೂ ತಿಂಗಳಾಗದ ಆ ಮನೆಯಲ್ಲಿ, ನಗು ತಡೆದುಕೊಳ್ಳಲು ತುಟಿ ಕಚ್ಚಿದ್ದರು.

ಬಸ್ಸಿನ ಕಿಟಕಿಯಿಂದ ಅವಳು ದಿನವೂ ನೋಡುವ ಲೈನು ಇವತ್ತೂ ಜೊತೆಗೇ ಬಂತು. ರಸ್ತೆಯ ಪಕ್ಕದ ಬಯಲಿನಲ್ಲಿ ಟವರಿನಿಂದ ಟವರಿಗೆ ಇಳಿದೇರುವ ಮೂರು ತಂತಿಗಳು. ಒಂದು ತಿರುವಿನಲ್ಲಿ ಬೇರೆಯವಕ್ಕಿಂತ ಅಗಲವಾದ ತೋಳುಗಳ ಒಂದು ಟವರು ಬರುತ್ತದೆ. ಅದರ ಮೇಲೆ ತಂತಿಗಳು ಜಾಗ ಬದಲಿಸುತ್ತವೆ. ಎಡಗಡೆಯದು ನಡುವಿಗೆ, ನಡುವಿನದು ಬಲಕ್ಕೆ, ಬಲದ್ದು ಸುತ್ತಿ ಬಂದು ಎಡಕ್ಕೆ. ಬಸ್ಸಿನಲ್ಲಿದ್ದವರು ಯಾರೂ ಅದನ್ನು ನೋಡುವುದಿಲ್ಲ. ಸಾಲಾಗಿ ಹೋಗುವ ಮೂರರಲ್ಲಿ ನಡುವಿನದರ ಪಾಡೇ ಬೇರೆ, ಅಂಚಿನವುಗಳ ಪಾಡೇ ಬೇರೆ. ನಡುವಿನದಕ್ಕೆ ಎರಡು ಕಡೆಯೂ ನೆರೆ ಹತ್ತಿರ, ಅಂಚಿನದಕ್ಕೆ ಒಂದು ನೆರೆ ಹತ್ತಿರ, ಇನ್ನೊಂದು ದೂರ. ಹಾಗೇ ಬಿಟ್ಟರೆ ಒಂದೊಂದು ತಂತಿಗೂ ಕರೆಂಟಿನ ಏರಿಳಿತ ತಡೆಯುವ ಇಂಡಕ್ಟೆನ್ಸು ಒಂದೊಂದು, ಚಾರ್ಜು ಹಿಡಿದಿಡುವ ಕೆಪಾಸಿಟೆನ್ಸು ಒಂದೊಂದು ಬಂದು, ಒಂದೇ ಮನೆಯ ಮಕ್ಕಳು ಒಂದೊಂದು ರೀತಿ ಆಗುತ್ತಾರೆ. ಅದಕ್ಕೇ ದಾರಿಯ ಮೂರನೇ ಒಂದು ಪಾಲು ಮುಗಿದಾಗಲೆಲ್ಲ ಸ್ಥಾನಪಲ್ಲಟ. ಆಮೇಲೆ ಮೂರು ದೂರಗಳನ್ನೂ ಗುಣಿಸಿ ಘನಮೂಲ ತೆಗೆದು, ಎಲ್ಲರಿಗೂ ಸೇರಿ ಒಂದೇ ದೂರ ಎಂದು ಲೆಕ್ಕ ಮಾಡಬಹುದು. ಅಪ್ಪ ಇದನ್ನು ಅವರಿಗೆ ಹೇಳಿಕೊಟ್ಟದ್ದು ಅಡುಗೆಮನೆಯ ಮುಂದೆ, ಮೂವರನ್ನೂ ಸಾಲಾಗಿ ನಿಲ್ಲಿಸಿ, ಕೈ ಚಾಚಿಸಿ. “ನಡುವೆ ಇರೋಳಿಗೆ ಇಬ್ಬರ ಕೈಯೂ ಸಿಗುತ್ತಲ್ವಾ? ಚಿಕ್ಕೋನೇ, ನಿನಗೆ ಅಣ್ಣನ ಕೈ ಸಿಗುತ್ತಾ?” ತಮ್ಮ ಎಟುಕದ ಕೈಗಾಗಿ ಹಾರಿ ಹಾರಿ ಕೊನೆಗೆ ಅತ್ತೇಬಿಟ್ಟಿದ್ದ. ಅಮ್ಮ ಒಳಗಿನಿಂದಲೇ, “ಲೆಕ್ಕ ಹೇಳ್ಕೊಟ್ಟು ಮಕ್ಕಳನ್ನ ಅಳಿಸೋರನ್ನ ನಿಮ್ಮೊಬ್ಬರನ್ನೇ ನೋಡಿದ್ದು” ಎಂದಿದ್ದಳು. ಕಚೇರಿಯಲ್ಲಿ ಅಪ್ಪನಿಗೆ ‘ಘನಮೂಲ’ ಎಂದೇ ಹೆಸರು. ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದುದರಿಂದ ಆ ಮೂಲದ ಬಗ್ಗೆ ಬೇರೆ ಅರ್ಥದ ತಮಾಷೆಯೂ ಓಡಾಡುತ್ತಿತ್ತು. ಅದು ಅಮ್ಮನ ಕಿವಿಗೂ ಬಿದ್ದು, ಅಪ್ಪ ಸಿಟ್ಟು ಮಾಡಿದಾಗಲೆಲ್ಲ, “ಇವರ ಮಾತಲ್ಲಿ ಘನವೂ ಇಲ್ಲ, ಮೂಲವೂ ಇಲ್ಲ, ನೀವು ಊಟಕ್ಕೆ ಏಳ್ರೋ” ಎನ್ನುತ್ತಿದ್ದಳು.

ಕಚೇರಿಯಲ್ಲಿ ಹೊಸ ಹುಡುಗಿ ಅವಳಿಗಾಗಿ ಕಾಯುತ್ತಿದ್ದಳು. ಕೆಲಸಕ್ಕೆ ಸೇರಿ ಇನ್ನೂ ಹೆಚ್ಚು ದಿನವಾಗಿಲ್ಲದ ಇಂಜಿನಿಯರು. ಎಲ್ಲದಕ್ಕೂ ಮೊದಲು ನಗುತ್ತಾಳೆ, ಆಮೇಲೆ ಮಾತಾಡುತ್ತಾಳೆ. ಲೈನಿನ ಲೆಕ್ಕವನ್ನು ಈಗ ಕಂಪ್ಯೂಟರು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಮುಗಿಸುತ್ತದೆ. ಆದರೂ ಹೊಸಬರಿಂದ ಒಂದು ಲೈನನ್ನಾದರೂ ಕೈಯಿಂದ ಮಾಡಿಸುವುದು ಈ ವಿಭಾಗದಲ್ಲಿ ಅಪ್ಪನ ಕಾಲದಿಂದ ಬಂದ ಚಾಳಿ, ಅದನ್ನು ಬಿಡಿಸುವ ಉಸಾಬರಿಗೆ ಯಾವ ಸಾಹೇಬರೂ ಹೋಗಿರಲಿಲ್ಲ.

“ಮೇಡಂ, ಮುಗೀತು. ತಾಳೆನೂ ನೋಡ್ದೆ. ಇಂಡಕ್ಟೆನ್ಸನ್ನೂ ಕೆಪಾಸಿಟೆನ್ಸನ್ನೂ ಗುಣಿಸಿ ವೇಗ ತೆಗೆದ್ರೆ ಬೆಳಕಿನ ವೇಗ ಬರಬೇಕು ಅಂದ್ರಲ್ಲ, ನೋಡಿ, ಅಷ್ಟಕ್ಕಷ್ಟೇ ಬಂದಿದೆ! ಒಂಚೂರೂ ವ್ಯತ್ಯಾಸ ಇಲ್ಲ.”

“ಒಂಚೂರೂ ಇಲ್ವಾ?”

“ಇಲ್ಲ ಮೇಡಂ.”

“ಹಾಗಾದ್ರೆ ತಪ್ಪಾಗಿದೆ.”

ಹುಡುಗಿಯ ನಗು ಮುಖದ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿತು. ಅವಳು ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ತಂತಿ ಒಂದೇ ಆದರೂ ಅದರ ಲೆಕ್ಕಕ್ಕೆ ಎರಡು ತ್ರಿಜ್ಯ. ಇಂಡಕ್ಟೆನ್ಸಿಗೆ ನಿಜವಾದ ತ್ರಿಜ್ಯಕ್ಕಿಂತ ಸ್ವಲ್ಪ ಸಣ್ಣದನ್ನು ಹಿಡಿಯಬೇಕು, ಯಾಕೆಂದರೆ ಕರೆಂಟು ತಂತಿಯ ಒಳಗೂ ಹರಿಯುತ್ತದೆ. ಕೆಪಾಸಿಟೆನ್ಸಿಗೆ ತ್ರಿಜ್ಯ ಇದ್ದಷ್ಟೇ, ಯಾಕೆಂದರೆ ಚಾರ್ಜು ತಂತಿಯ ಮೈಮೇಲಷ್ಟೇ ಕೂರುತ್ತದೆ. ಹುಡುಗಿ ಎರಡಕ್ಕೂ ಸಣ್ಣದನ್ನೇ ಹಿಡಿದಿದ್ದಳು. ಹಾಗೆ ಮಾಡಿದರೆ ಗುಣಿಸಿದಾಗ ಎರಡರ ತಪ್ಪೂ ಒಂದಕ್ಕೊಂದು ವಜಾ ಆಗಿ ಉತ್ತರ ಬೆಳಕಿನ ವೇಗಕ್ಕೆ ಹೋಗಿ ಕೂತುಬಿಡುತ್ತದೆ. ಸರಿಯಾಗಿ ಮಾಡಿದ ಲೆಕ್ಕದಲ್ಲಿ ಬೆಳಕಿಗಿಂತ ಸ್ವಲ್ಪ ಕಡಿಮೆಯೇ ಬರಬೇಕು. ‘ಹರಿಯೋದು ಒಳಗೂ ಹರಿಯುತ್ತೆ, ಕೂರೋದು ಮೈಮೇಲೇ ಕೂರುತ್ತೆ’ ಎಂದು ತನ್ನ ಬಾಯಿಂದ ಬಂದ ಮಾತು ಅಪ್ಪನ ದನಿಯಲ್ಲೇ ಬಂದದ್ದನ್ನು ಕೇಳಿ ಅವಳು ಪೆನ್ನು ಕೆಳಗಿಟ್ಟಳು. ಇದೇ ತಪ್ಪನ್ನು ಇದೇ ಹಾಲಿನಲ್ಲಿ ಅವಳೂ ಮಾಡಿದ್ದಳು. ಅಪ್ಪ ಇನ್ನೂ ಮೂಲೆಯ ಮೇಜಿನಲ್ಲಿದ್ದ ಕಾಲ, ಅವಳು ಸೇರಿದ ಮೊದಲ ವರ್ಷ. ಹಾಳೆಯನ್ನು ಎತ್ತಿ ಹಿಡಿದು ಅಪ್ಪ ಎಲ್ಲರಿಗೂ ಕೇಳುವಂತೆ, “ಇದನ್ನ ಮಾಡಿದ ಇಂಜಿನಿಯರು ಯಾರು?” ಎಂದಿದ್ದ. ಅವಳ ಕೈಬರಹ ಅವನಿಗೆ ಅಕ್ಷರ ತಿದ್ದಿಸಿದ ಕಾಲದಿಂದ ಗೊತ್ತು. ಅವಳು ಎದ್ದು ನಿಂತಾಗ, “ನೀವಾ? ತುಂಬಾ ಸರಿಯಾಗಿದೆಯಲ್ಲ ಉತ್ತರ. ಅಷ್ಟು ಸರಿಯಾಗಿ ಬಂದಾಗ ನಿಮಗೆ ಒಂದ್ಸಲನೂ ಅನುಮಾನ ಬರಲಿಲ್ವಾ?” ಎಂದಿದ್ದ. ಸುತ್ತಲಿನವರು ಘನಮೂಲನ ಮಗಳು ಎಂದು ಕಿಸಕ್ಕನೆ ನಕ್ಕಿದ್ದರು. ಆ ‘ನೀವು’ ಅವಳಿಗೆ ಕಪಾಳಕ್ಕೆ ಹೊಡೆದಂತಾಗಿತ್ತು. ಸಂಜೆ ಬಸ್ಸಿನಲ್ಲಿ ಅಪ್ಪ ಪಕ್ಕದಲ್ಲಿ ಕೂತು ಜೇಬಿನಿಂದ ಒಂದು ಕಿತ್ತಳೆ ತೆಗೆದು, ಸಿಪ್ಪೆ ಬಿಡಿಸಿ, ನಾರನ್ನೂ ತೆಗೆದು, ತೊಳೆಗಳನ್ನು ಒಂದೊಂದಾಗಿ ಅವಳ ಅಂಗೈಯಲ್ಲಿಟ್ಟಿದ್ದ. ಕೊನೆಯ ಒಂದೇ ತೊಳೆಯನ್ನು ತಾನು ತಿಂದು, ಕಿಟಕಿಯ ಹೊರಗೆ ನೋಡುತ್ತ, “ತಪ್ಪು ಬಂದ ಲೆಕ್ಕದ ಮೇಲೆ ಎಲ್ಲರೂ ಅನುಮಾನ ಪಡ್ತಾರೆ ಕಣೇ. ಸರಿ ಬಂದದ್ದರ ಮೇಲೆ ನಾವೇ ಪಡಬೇಕು” ಎಂದಿದ್ದ. ಆ ಕಿತ್ತಳೆ ಹುಳಿಯಾಗಿತ್ತು. ಅದನ್ನು ಈಗ ನೆನೆದರೆ ಅವಳ ಬಾಯಿ ಸಿಹಿಯಾಗುತ್ತದೆ, ಯಾಕೋ ಅವಳಿಗೇ ಗೊತ್ತಿಲ್ಲ.

“ಪರವಾಗಿಲ್ಲ, ಎಲ್ರೂ ಮಾಡೋ ತಪ್ಪೇ ಇದು” ಎಂದು ಹುಡುಗಿಗೆ ಹೇಳಿ ಕಳಿಸಿದಳು.

ಮಧ್ಯಾಹ್ನ ಊಟದ ಹೊತ್ತಿಗೆ ಅವಳಿಗೆ ಅಪ್ಪನ ಬೂಟು ಬಿಟ್ಟು ಬೇರೇನೂ ಕಾಣದಾಯಿತು. ಬೆಳಗ್ಗೆಯಿಂದ ಅದರೊಳಗೇ ಇರುವ ಆ ಕಾಲು, ಸಂಜೆಯಾದರೆ ಊದಿಕೊಳ್ಳುವ ಪಾದ. ಫೋನ್ ಮಾಡಿ ಹೇಳಿಬಿಡುವುದೇ ಸರಿ, ಮುಖ ನೋಡದೆ ಹೇಳುವುದು ಸುಲಭ ಎಂದುಕೊಂಡು, ಕಾರಿಡಾರಿನ ತುದಿಗೆ ಹೋಗಿ ನಂಬರು ಒತ್ತಿದಳು. ಒಂದು ಸಲ ರಿಂಗಾಗುವಷ್ಟರಲ್ಲೇ ಅಪ್ಪ ಎತ್ತಿದ.

“ಚಿಕ್ಕೋನಾ? ಬೂಟು ಹಾಕ್ಕೊಂಡೇ ಇದೀನಿ ಕಣೋ. ನೀನು ಕೆಳಗಿಂದ ಹಾರ್ನ್ ಮಾಡಿದ್ರೆ ಸಾಕು, ಮೇಲೆ ಬರೋದೇನೂ ಬೇಡ.”

“ನಾನಪ್ಪಾ.”

“ಓ, ನೀನಾ. ಏನು?”

“ಊಟ ಮಾಡಿದ್ಯಾ ಅಂತ.”

“ಮಾಡ್ದೆ. ಫೋನ್ ಇಡ್ಲಾ? ಅವನು ಫೋನ್ ಮಾಡ್ತಾನೇನೋ.”

ಅವಳು ಫೋನನ್ನು ಎದೆಗೊತ್ತಿಕೊಂಡು ಕಾರಿಡಾರಿನಲ್ಲೇ ನಿಂತಳು. ಮೇಲೆ ಬರೋದೇನೂ ಬೇಡವಂತೆ. ಮಗನಿಗೆ ಮೆಟ್ಟಿಲು ಹತ್ತುವ ಕಷ್ಟವೂ ಆಗಬಾರದೆಂದು ಲೆಕ್ಕ ಹಾಕಿ ಕೂತ ಮನುಷ್ಯನಿಗೆ, ನಿನಗೆ ಅಲ್ಲಿ ರೂಮಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಸಿಟ್ಟು ಬಂದದ್ದು ತಮ್ಮನ ಮೇಲೆ. ಆದರೆ ಅದರ ಕೆಳಗೆ ಇನ್ನೊಂದು ಸಿಟ್ಟಿತ್ತು, ಅದು ನಾಳೆಯ ಸೋಫಾ ಕೈತಪ್ಪಿತೆಂಬ ಸಿಟ್ಟು. ಅದು ಅವಳನ್ನು ಮೊದಲಿನದಕ್ಕಿಂತ ಹೆಚ್ಚು ಸುಟ್ಟಿತು.

ಮಧ್ಯಾಹ್ನವೆಲ್ಲ ಅವಳು ನೆಪಗಳನ್ನು ಕೂಡಿಸಿ ಕಳೆಯುತ್ತ ಕೂತಳು. ಕಾರು ಕೆಟ್ಟಿದೆ ಎಂದರೆ ನಾಳೆ ಬೆಳಗ್ಗೆ ಮತ್ತೆ ಬೂಟು ಹಾಕಿಕೊಂಡು ಕೂರುತ್ತಾನೆ. ತನಗೇ ಮೈ ಸರಿಯಿಲ್ಲ ಎಂದರೆ ರಾತ್ರಿಯೆಲ್ಲ ಹಣೆ ಮುಟ್ಟಿ ನೋಡುತ್ತಾನೆ. ಕೊನೆಗೆ ಒಂದು ಸುಳ್ಳು ತೂಕವಾಗಿ ಸಿಕ್ಕಿತು. ‘ನೀನು ಹೋದ್ರೆ ನನಗೆ ಬೇಜಾರು, ಅದಕ್ಕೇ ನಾನೇ ಚಿಕ್ಕೋನಿಗೆ ಬರಬೇಡ ಅಂದೆ.’ ಇದರಲ್ಲಿ ತಮ್ಮನ ಮಾನ ಉಳಿಯುತ್ತದೆ, ಅಪ್ಪನ ಮಾನವೂ ಉಳಿಯುತ್ತದೆ, ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆ ಇಲ್ಲ. ಅದನ್ನು ಮನಸ್ಸಿನಲ್ಲಿ ಎರಡು ಮೂರು ಸಲ ಹೇಳಿಕೊಂಡು ನೋಡಿದಳು. ಪ್ರತಿ ಸಲವೂ ಚೆನ್ನಾಗಿಯೇ ಕೇಳಿಸಿತು.

‘ಈ ಸಲ ಮಾತ್ರ ಅಕ್ಕಾ.’ ಆಗಲೂ ಹೀಗೇ ಹೇಳುತ್ತಿದ್ದ. ಅವರಿದ್ದದ್ದು ಸಬ್‌ಸ್ಟೇಷನ್ನಿನ ಪಕ್ಕದ ಕ್ವಾರ್ಟರ್ಸಿನಲ್ಲಿ. ಎರಡೇ ಕೋಣೆ, ಮಕ್ಕಳ ಕೋಣೆಗೆ ಒಂದೇ ಕಿಟಕಿ, ನೆಲದ ಮೇಲೆ ಸಾಲಾಗಿ ಮೂರು ಹಾಸಿಗೆ. ಗೋಡೆಯ ಕಡೆ, ನಡುವೆ, ಕಿಟಕಿಯ ಕಡೆ. ನಡುವೆ ಮಲಗುವುದಕ್ಕೆ ಮೂವರಿಗೂ ಜಗಳ. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವ ಹಾಗೆ ಎಳೆದಾಡಿ ಒಂದು ದಿನ ದಿಂಬು ಹರಿದು ಹತ್ತಿಯೆಲ್ಲ ಹಾರಿದಾಗ ಅಪ್ಪ ಅಪ್ಪಣೆ ಹೊರಡಿಸಿದ. ತಿಂಗಳಿಗೊಮ್ಮೆ ಸ್ಥಾನಪಲ್ಲಟ. ತಮ್ಮನ ನಾಲಗೆಗೆ ಆ ಮಾತು ಹೊರಳಲಿಲ್ಲ. ‘ತಾನ್‌ಪಲ್ಟಿ’ ಎಂದ. ಅಪ್ಪ ಬಿಡದೆ ತಿದ್ದಿದ. “ಸ್ಥಾ-ನ-ಪಲ್ಲಟ ಅನ್ನು.” ಅವನು ಅಪ್ಪನ ಮುಂದೆ ಹೇಗೋ ತಡವರಿಸಿ ಸರಿಯಾಗಿ ಹೇಳುತ್ತಿದ್ದ. ಆದರೆ ‘ತಾನ್‌ಪಲ್ಟಿ’ ಹೋಗಲಿಲ್ಲ, ಹೊದಿಕೆಯ ಒಳಗೆ ಸೇರಿಕೊಂಡಿತು. ಕಿಟಕಿಯಲ್ಲಿ ಟವರು ಕಾಣುತ್ತಿತ್ತು, ಕತ್ತಲಲ್ಲಿ ತೋಳು ಚಾಚಿ ನಿಂತ ಯಾರೋ ಎಂದು ಅವನಿಗೆ ಭಯ. ಮಂಜಿನ ದಿನಗಳಲ್ಲಿ ತಂತಿಗಳು ಗುಂಯ್ ಎನ್ನುತ್ತಿದ್ದವು, ಅದು ಇನ್ನೂ ಭಯ. ಅವನ ಕಿಟಕಿಯ ಪಾಳಿ ಬಂದಾಗಲೆಲ್ಲ ಸುತ್ತಿನ ಲೆಕ್ಕದಲ್ಲಿ ನಡುವೆ ಇರುತ್ತಿದ್ದವಳು ಅವಳೇ. ಅಪ್ಪ ದೀಪ ಆರಿಸಿ ಆಚೆ ಹೋದ ಕೂಡಲೇ ಪಕ್ಕದಿಂದ ಪಿಸುಮಾತು ಬರುತ್ತಿತ್ತು. “ಅಕ್ಕಾ, ತಾನ್‌ಪಲ್ಟಿ? ಈ ಸಲ ಮಾತ್ರ.” ಅವಳು ಅವನ ಮೇಲೆ ಉರುಳಿ ಆಚೆ ಬೀಳುತ್ತಿದ್ದಳು, ಅವನು ಕೆಳಗಿನಿಂದ ನುಸುಳಿ ಈಚೆ ಬರುತ್ತಿದ್ದ, ಇಬ್ಬರೂ ಬಾಯಿಗೆ ಹೊದಿಕೆ ತುರುಕಿಕೊಂಡು ನಗುತ್ತಿದ್ದರು. ಗೋಡೆಯ ಕಡೆಯಿಂದ ಅಣ್ಣ ಕಾನೂನಿನ ದನಿಯಲ್ಲಿ “ಮಲಗ್ರೋ” ಎನ್ನುತ್ತಿದ್ದ. ಹೀಗಾಗಿ ತನ್ನ ಪಾಳಿಯೂ ಅವನ ಪಾಳಿಯೂ ಸೇರಿ ಕಿಟಕಿ ಬಹುಪಾಲು ಅವಳದೇ ಆಯಿತು.

ಅಕ್ಕ ತ್ಯಾಗ ಮಾಡಿದಳು ಎಂದು ಮುಂದೆ ತಮ್ಮ ತನ್ನ ಹೆಂಡತಿಯ ಮುಂದೆ ಹೇಳಿದ್ದುಂಟು. ಅವಳೂ ಅಲ್ಲಗಳೆಯಲಿಲ್ಲ. ನಿಜವೆಂದರೆ ಅವಳಿಗೆ ಆ ಕಿಟಕಿ ಬೇಕಾಗಿತ್ತು. ಸಂದಿಯಿಂದ ಚಳಿಗಾಳಿ ಬರುತ್ತಿತ್ತು, ಮೂಗಿನ ತುದಿ ತಣ್ಣಗಾಗುತ್ತಿತ್ತು, ಆದರೂ ಆ ಗುಂಯ್ ಶಬ್ದ ಕೇಳುತ್ತ, ಈ ಮೂರೂ ತಂತಿ ಎಲ್ಲಿಗೆ ಹೋಗುತ್ತವೆ, ಯಾರ ಮನೆಯ ದೀಪಕ್ಕೆ ಹೋಗುತ್ತವೆ ಎಂದು ಯೋಚಿಸುತ್ತ ನಿದ್ದೆಗೆ ಜಾರುವುದು ಅವಳಿಗೆ ದಿನದ ಎಲ್ಲಕ್ಕಿಂತ ಇಷ್ಟವಾದ ಹೊತ್ತು. ಬೆಳಗ್ಗೆ ಎದ್ದಾಗ ಕಿಟಕಿಯ ಕಡೆಯ ಹೊದಿಕೆಯ ಅಂಚು ಹಾಸಿಗೆಯ ಕೆಳಗೆ ಮಡಿಸಿ ಸಿಕ್ಕಿಸಿರುತ್ತಿತ್ತು. ಅಮ್ಮನ ಕೆಲಸ ಎಂದುಕೊಂಡಿದ್ದಳು. ಆ ಕೋಣೆಯನ್ನು ನೆನೆದು, ಈಗ ಈ ಮೇಜಿನ ಮುಂದೆ ಕೂತ ಹೆಂಗಸು ತನ್ನ ಮೂಗಿನ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು. ಹೊಸ ಹುಡುಗಿ ತಿದ್ದಿದ ಲೆಕ್ಕ ತಂದು, “ಈಗ ಸ್ವಲ್ಪ ಕಡಿಮೆ ಬಂತು ಮೇಡಂ” ಎಂದಳು, ದೂರು ಹೇಳುವವಳಂತೆ. “ಹಾಂ, ಈಗ ಸರಿ” ಎಂದು ಅವಳು ಸಹಿ ಹಾಕಿದಳು.

ಮನೆಯ ಮೆಟ್ಟಿಲು ಹತ್ತುವಾಗ ಅವಳು ಆ ಸುಳ್ಳನ್ನು ಮತ್ತೊಮ್ಮೆ ಬಾಯಿಪಾಠ ಮಾಡಿಕೊಂಡಳು. ಬಾಗಿಲು ತೆರೆದರೆ ಬೆಳಗ್ಗೆ ಹೇಗಿತ್ತೋ ಹಾಗೆಯೇ ಇತ್ತು, ಬೆಳಕು ಮಾತ್ರ ಗೋಡೆ ಬದಲಿಸಿತ್ತು. ಅದೇ ಕುರ್ಚಿಯ ತುದಿ, ಮೊಣಕಾಲಿಗೆ ತಾಗಿಸಿಟ್ಟ ಅದೇ ಚೀಲ. ಮೇಜಿನ ಮೇಲೆ ಡಬ್ಬಿ ತೊಳೆದು ಬೋರಲು ಹಾಕಿತ್ತು.

“ಕೆಳಗೆ ಕಾರಿನ ಸದ್ದಾಯ್ತು, ಅವನೇ ಅಂದ್ಕೊಂಡೆ” ಎಂದ ಅಪ್ಪ.

“ಅಪ್ಪಾ, ಬೆಳಗ್ಗೆನೇ ಹೇಳ್ಬೇಕು ಅಂತಿದ್ದೆ. ನೀನು ಹೋದ್ರೆ ಮನೆ ಬಿಕೋ ಅನ್ನುತ್ತೆ, ನನಗೆ ಬೇಜಾರು. ಅದಕ್ಕೇ ನಾನೇ ಚಿಕ್ಕೋನಿಗೆ ಫೋನ್ ಮಾಡಿ ಬರಬೇಡ ಅಂದೆ. ಈ ಸಲ ಇಲ್ಲೇ ಇದ್ದುಬಿಡು.”

ಒಂದು ಅಕ್ಷರವೂ ತಪ್ಪಲಿಲ್ಲ. ಅಪ್ಪ ಅವಳ ಮುಖ ನೋಡಲಿಲ್ಲ, ಬೂಟು ನೋಡಿಕೊಂಡ. ಬೀದಿಯಲ್ಲಿ ಯಾರದೋ ಸೈಕಲ್ಲಿನ ಬೆಲ್ಲು ಹೋಯಿತು.

“ಒಂಚೂರೂ ವ್ಯತ್ಯಾಸ ಇಲ್ಲದೆ ಬಂತಲ್ಲ” ಎಂದ.

“ಏನು?”

“ಉತ್ತರ.” ತಲೆ ಎತ್ತಿದ. ಕಣ್ಣಿನಲ್ಲಿ, ಹಾಳೆಯನ್ನು ಎತ್ತಿ ಹಿಡಿದು ‘ನೀವಾ?’ ಎಂದಿದ್ದ ಆ ಹಳೆಯ ಮನುಷ್ಯನಿದ್ದ. ಆಮೇಲೆ ದನಿ ತಗ್ಗಿಸಿ, ದೀಪ ಆರಿಸಿದ ಕೋಣೆಯಲ್ಲಿ ಕೇಳುವವನ ಹಾಗೆ ಕೇಳಿದ. “ತಾನ್‌ಪಲ್ಟಿನಾ?”

ಆ ಮಾತನ್ನು ಅಪ್ಪನ ಬಾಯಲ್ಲಿ ಅವಳು ಎಂದೂ ಕೇಳಿರಲಿಲ್ಲ. ಅಪ್ಪ ತಿದ್ದಿದ ಮೇಲೆ ಅದು ಹೊದಿಕೆಯ ಹೊರಗೆ ಬಂದ ಮಾತೇ ಅಲ್ಲ, ಅದರ ಗುಟ್ಟು ಅಮ್ಮನಿಗೂ ಗೊತ್ತಿರಲಿಲ್ಲ. ಅವಳು ಚೀಲವನ್ನು ಸರಿಸಿ ನೆಲದ ಮೇಲೆ ಕೂತುಬಿಟ್ಟಳು.

“ಮತ್ತೆ ಕಿಟಕಿ ನಿನಗೇ ಬಂತು” ಎಂದ ಅಪ್ಪ.

“ನಿನಗೆ ಗೊತ್ತಿತ್ತಾ?”

“ನಿಮ್ಮ ಪಿಸುಮಾತು ಗೋಡೆಯಾಚೆಗೂ ಕೇಳ್ತಿತ್ತು. ಆಮೇಲೆ ಹೊದಿಕೆ ಸರಿ ಮಾಡೋಕೆ ಬರ್ತಿದ್ನಲ್ಲೇ. ಕತ್ತಲಲ್ಲಿ ಕೈಗೆ ಜಡೆ ಸಿಕ್ತಿತ್ತು. ನಿಮ್ಮ ಮೂವರಲ್ಲಿ ಜಡೆ ಇದ್ದದ್ದು ಯಾರಿಗೆ?”

“ಗೊತ್ತಿದ್ದೂ ಸುಮ್ಮನಿದ್ಯಾ? ಅಷ್ಟು ಲೆಕ್ಕದ ಮನುಷ್ಯ ನೀನು.”

“ಬೈಯೋಣ ಅಂತಲೇ ಬಂದಿದ್ದೆ ಒಂದ್ಸಲ. ಚಿಕ್ಕೋನನ್ನ ಎಬ್ಬಿಸಿ ಜಾಗಕ್ಕೆ ಕಳಿಸೋಣ ಅಂತ.” ಅಪ್ಪ ಕಿಟಕಿಯ ಕಡೆ ನೋಡಿದ. “ನೀನು ಕಿಟಕಿ ಕಡೆ ಮುಖ ಮಾಡಿ ಮಲಗಿದ್ದೆ. ಬೇಡದ ಜಾಗ ಆಗಿದ್ರೆ ಮನುಷ್ಯ ಆ ಕಡೆ ಬೆನ್ನು ಹಾಕ್ತಾನೆ. ಅದಕ್ಕೇ ಅಂಚು ಸಿಕ್ಕಿಸಿ ಹೋದೆ.” ಆಮೇಲೆ ಅವಳ ಕಡೆ ತಿರುಗಿ ಕೇಳಿದ. “ಈಗ ಯಾವ ಕಡೆ ಮುಖ ಕಣೇ?”

ಕಿಟಕಿ ಕಡೆಗೇ ಅಪ್ಪಾ ಎನ್ನಲು ಅವಳ ನಾಲಗೆ ಸಿದ್ಧವಾಗಿತ್ತು. ಅಂದರೆ ಮುಗಿದುಹೋಗುತ್ತಿತ್ತು, ಇಬ್ಬರೂ ಎದ್ದು ಟೀ ಕುಡಿಯಬಹುದಾಗಿತ್ತು. ಅವಳು ಅವನ ಬೂಟಿನ ಮೇಲೆ ಕೈ ಇಟ್ಟಳು. ಚರ್ಮ ಬೆಚ್ಚಗಿತ್ತು.

“ಬೆಳಗ್ಗೆ ಗೋಡೆ ಕಡೆಗಿತ್ತಪ್ಪಾ” ಎಂದಳು. “ನಿನ್ನೆ ನಿನ್ನ ಬಟ್ಟೆ ಮಡಿಸುವಾಗ ಹಾಡ್ಕೊಂಡಿದ್ದೆ. ಇವತ್ತು ಇಡೀ ದಿನ ನಿನ್ನ ಬೂಟಿನದೇ ಯೋಚನೆ ಆಯ್ತು. ಈಗ... ಈಗ ತಿರುಗಿದೀನಿ ಅನ್ಸುತ್ತೆ. ಪೂರ್ತಿ ಅಂತ ಹೇಳೋಕೆ ಬರಲ್ಲ.”

“ಸ್ವಲ್ಪ ಕಡಿಮೆ.”

“ಹೂಂ. ಸ್ವಲ್ಪ ಕಡಿಮೆ.”

ಅಪ್ಪ ಆ ಉತ್ತರವನ್ನು ತೂಗಿ ನೋಡುವವನಂತೆ ಕೂತ. ಆಮೇಲೆ, ಬೆಳಗ್ಗೆಯಿಂದ ಮೊದಲ ಸಲ, ಕುರ್ಚಿಯ ತುದಿಯಿಂದ ಹಿಂದೆ ಸರಿದು ಬೆನ್ನಿಗೆ ಆಸರೆ ಕೊಟ್ಟ.

“ಹಾಗಾದ್ರೆ ಲೆಕ್ಕ ಸರಿ ಇದೆ” ಎಂದು ಕಾಲು ಚಾಚಿದ.

ಎರಡೆರಡು ಗಂಟು ಹಾಕಿ ಬಿಗಿದಿದ್ದ ಲೇಸು ಸುಲಭಕ್ಕೆ ಬಿಚ್ಚಿಕೊಳ್ಳಲಿಲ್ಲ. ಅವಳು ಉಗುರಿನಿಂದ ಎಳೆದು ಎಳೆದು ಸಡಿಲಿಸುತ್ತಿದ್ದಳು. ಅಪ್ಪನ ಕೈ ಮೇಲಿನಿಂದ ಬಂದು, ಎಂದೋ ಕತ್ತರಿಸಿದ್ದ ಜಡೆಯನ್ನು ಹುಡುಕುವಂತೆ, ಅವಳ ತಲೆಯ ಹಿಂಭಾಗವನ್ನು ಒಮ್ಮೆ ಮುಟ್ಟಿ ನೋಡಿತು.